ಸಮಾಜವಾದಿ ದೇಶಗಳಲ್ಲಿ ಹೆಂಗಸರಿಗೆ ನಿಜವಾಗಿ ಸಮಾನತೆ ಸಿಕ್ಕಿತ್ತಾ? ಹೊರಗಿನವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರಲ್ಲ?

ದುಡಿಮೆಯಲ್ಲಿ ಬಹುಮಟ್ಟಿಗೆ ಸಿಕ್ಕಿತು, ಮನೆಯೊಳಗೆ ಸಿಗಲಿಲ್ಲ. ಹೊಗಳುವವರು ಮೊದಲನೆಯದನ್ನು ನೋಡುತ್ತಾರೆ, ತೆಗಳುವವರು ಎರಡನೆಯದನ್ನು.

ಸೋವಿಯತ್ ಒಕ್ಕೂಟದಲ್ಲಿ 1970ರ ಹೊತ್ತಿಗೆ ಕೆಲಸಗಾರರಲ್ಲಿ ಸುಮಾರು ಅರ್ಧದಷ್ಟು ಹೆಂಗಸರೇ. ಡಾಕ್ಟರುಗಳಲ್ಲಂತೂ ಅವರೇ ಜಾಸ್ತಿ. ಆದರೆ ಅಡುಗೆ, ಬಟ್ಟೆ, ಅಂಗಡಿ ಮುಂದಿನ ಕ್ಯೂ ಕೂಡ ಅವರ ಪಾಲಿಗೇ ಬಿತ್ತು. ಕಾರ್ಖಾನೆ ಸರ್ಕಾರದ್ದಾಯಿತು, ಮನೆಗೆಲಸ ಮಾತ್ರ ಹೆಂಗಸಿನದ್ದಾಗಿಯೇ ಉಳಿಯಿತು. ಮೇಲಾಗಿ, ಹಕ್ಕು ಕೊಡುವುದೂ ಕಿತ್ತುಕೊಳ್ಳುವುದೂ ಸರ್ಕಾರದ ಕೈಯಲ್ಲೇ ಇತ್ತು: 1920ರಲ್ಲಿ ಒಪ್ಪಿದ ಗರ್ಭಪಾತವನ್ನು 1936ರಲ್ಲಿ ನಿಷೇಧಿಸಿದರು. ಎದುರು ನಿಲ್ಲಲು ಸ್ವತಂತ್ರ ಮಹಿಳಾ ಸಂಘಟನೆ ಇರಲಿಲ್ಲ.

ಹಾಗಂತ ಈ ಎರಡು ಪಾಳಿಯ ದುಡಿಮೆಗೆ ಸಮಾಜವಾದವೇ ಕಾರಣ ಅನ್ನುವುದು ತಪ್ಪು. ನಮ್ಮ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆದು ಬರುವ ಹೆಂಗಸರೂ ಸಂಜೆ ಒಲೆ ಹಚ್ಚಲೇಬೇಕು, ಅಲ್ವಾ? ಅಲ್ಲಿನ ಮಾಲೀಕರು ಖಾಸಗಿಯವರೇ.