ದಾವಣಗೆರೆಯ ಟೈಲ್ಸ್ ಹಾಕಿದ ಹಾಲ್‌ಗೆ ಟವರ್ ಸ್ಪೀಕರ್ ತಗೊಳ್ಳಲಾ, ಬಾಕ್ಸ್ ಮಾಡಿಸಲಾ?

ದಾವಣಗೆರೆಯಲ್ಲಿ ಹೊಸ ಮನೆ, ಹಾಲ್ 14 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ, ನೆಲಕ್ಕೆ ಟೈಲ್ಸ್ ಅಂತ ಬರೆದಿದ್ದೀರಿ. ಕೇಳೋದು ಹೆಚ್ಚಾಗಿ ಹಿಂದೂಸ್ತಾನಿ ಗಾಯನ, ವಚನ, ಸ್ವಲ್ಪ ಹಳೇ ಸಿನಿಮಾ ಹಾಡು. ಅಂಗಡಿಯವರು ಎದೆಮಟ್ಟದ ಟವರ್ ಸ್ಪೀಕರ್ ತಗೊಳ್ಳಿ ಅಂತಿದ್ದಾರೆ. ನಿಮಗೆ ನೀವೇ ಬಾಕ್ಸ್ ಮಾಡಿಸುವ ಆಸೆ. ಯಾವುದು ಸರಿ ಅಂತ ಕೇಳಿದ್ದೀರಿ.

ಮಾಡಿಸಿ. ಆದರೆ ಚಿಕ್ಕದು ಮಾಡಿಸಿ, ಎಲ್ಲೂ ತೂತಿಲ್ಲದ ಮುಚ್ಚಿದ ಬಾಕ್ಸ್ ಮಾಡಿಸಿ. ನಾನು ಇದೇ ಊರಲ್ಲಿ ನನಗೂ ಸ್ನೇಹಿತರಿಗೂ ಸ್ಪೀಕರ್ ಕಟ್ಟುತ್ತಾ ಬಂದವನು. ನಮ್ಮ ಮನೆಗಳಿಗೆ ಟವರ್ ಯಾಕೆ ಹೊಂದಲ್ಲ ಅನ್ನೋದು ಹಾಲ್‌ನ ಅಳತೆಯಲ್ಲೇ ಇದೆ.

ನಮ್ಮ ಗೋಡೆ ಇಟ್ಟಿಗೆಯದು ಇಲ್ಲವೇ ಸಿಮೆಂಟ್ ಬ್ಲಾಕಿನದು, ಎರಡೂ ಕಡೆ ಗಾರೆ. ಮೇಲೆ ಆರ್‌ಸಿಸಿ, ಕೆಳಗೆ ಟೈಲ್ಸ್. ಸ್ಪೀಕರ್ ವಿನ್ಯಾಸಗಳೂ ಸಲಹೆಗಳೂ ಬಹಳಷ್ಟು ಬರೋದು ಅಮೆರಿಕದಂಥ ಕಡೆಯಿಂದ. ಅಲ್ಲಿ ಎಷ್ಟೋ ಮನೆಗಳ ಗೋಡೆ ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಬಡಿದದ್ದು. ದಪ್ಪ ಸದ್ದು ಬಂದಾಗ ಆ ಗೋಡೆ ಸ್ವಲ್ಪ ಬಾಗುತ್ತೆ, ಒಂದಷ್ಟು ಬೇಸ್ ತಿನ್ನುತ್ತೆ, ಒಂದಷ್ಟನ್ನು ಹೊರಗೆ ಬಿಡುತ್ತೆ. ನಮ್ಮ ಗೋಡೆ ಹಾಗೆ ಬಾಗಲ್ಲ. ಬೇಸ್ ಒಳಗೇ ಓಡಾಡುತ್ತಾ ಕೆಲವು ಸ್ವರಗಳಲ್ಲಿ ಉಬ್ಬಿಕೊಳ್ಳುತ್ತೆ.

ಯಾವ ಸ್ವರ ಅಂತ ಕಾಗದದ ಮೇಲೇ ಲೆಕ್ಕ ಹಾಕಬಹುದು. 565 ಅನ್ನು (ಸದ್ದು ಒಂದು ಸೆಕೆಂಡಿಗೆ ಹೋಗುವ ಅಡಿಗಳ ಅರ್ಧ) ಅಡಿ ಲೆಕ್ಕದ ಉದ್ದದಿಂದ ಭಾಗಿಸಿ. 14 ಅಡಿಗೆ 40 ಹರ್ಟ್ಜ್ (ಅಂದರೆ ಸೆಕೆಂಡಿಗೆ 40 ಅದುರು), 12 ಅಡಿಗೆ 47, 10 ಅಡಿ ಎತ್ತರಕ್ಕೆ 56. ಅವುಗಳ ಎರಡರಷ್ಟು ಇರುವ 80, 94, 113ರಲ್ಲೂ ಇದೇ ಕಥೆ. ಅಗಲವೂ 10 ಅಡಿ, ಎತ್ತರವೂ 10 ಅಡಿ ಇರುವ ರೂಮಾಗಿದ್ದರೆ ಎರಡು ಉಬ್ಬು ಒಂದರ ಮೇಲೊಂದು ಕೂರುತ್ತಿದ್ದವು. ನಿಮ್ಮ ಹಾಲ್ ಆ ಮಟ್ಟಿಗೆ ವಾಸಿ.

ಈಗ ನಿಮ್ಮ ಸಂಗೀತ ನೋಡಿ. ಗಂಡು ದನಿ ಕರಿ ಒಂದರಲ್ಲಿ (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಹಾಡಿದರೆ ಷಡ್ಜ ಸುಮಾರು 138 ಹರ್ಟ್ಜ್. ತಂಬೂರಿಯ ಖರ್ಜ, ಅಂದರೆ ಕೆಳಗಿನ ಷಡ್ಜದ ತಂತಿ, ಅದರ ಅರ್ಧ, 69. ಅಲ್ಲಿಂದ ಕೆಳಗೆ ಖಯಾಲ್ ಗಾಯನದಲ್ಲಾಗಲಿ ವಚನದಲ್ಲಾಗಲಿ ಇರೋದು ಕಡಿಮೆ. ಅಂದರೆ 65-70ರವರೆಗೆ ಶುದ್ಧವಾಗಿ ಬಂದರೆ ನಿಮಗೆ ಸಾಕು. ಟವರ್ ಸ್ಪೀಕರ್‌ಗಳಿಗೆ ಸಾಮಾನ್ಯವಾಗಿ ಒಂದು ಪೋರ್ಟ್, ಅಂದರೆ ಗಾಳಿ ಆಡುವ ತೂತು, ಇರುತ್ತೆ. ಎಷ್ಟೋ ಟವರ್‌ಗಳಲ್ಲಿ ಅದನ್ನು 40ರ ಆಸುಪಾಸಿಗೆ ಟ್ಯೂನ್ ಮಾಡಿರುತ್ತಾರೆ, ಬೇಸ್ ಇನ್ನೂ ಕೆಳಗಿಳಿಯಲಿ ಅಂತ. ನಿಮ್ಮ ಹಾಲ್ ಉಬ್ಬೋದೂ 40ರಲ್ಲೇ! ಎರಡೂ ಸೇರಿದರೆ ಸಿನಿಮಾ ಹಾಡಿನ ಬೇಸ್ ಗಿಟಾರ್ ಯಾವ ಸ್ವರ ನುಡಿಸಿದರೂ ಒಂದೇ "ಗುಂ" ಕೇಳುತ್ತೆ. ಅಂಗಡಿಯ ದೊಡ್ಡ ಜಾಗದಲ್ಲಿ ಚೆನ್ನಾಗಿ ಕೇಳಿದ ಟವರ್ ಮನೆಗೆ ಬಂದ ಮೇಲೆ ಮಂಕಾಗೋದು ಹೀಗೆ.

ಮುಚ್ಚಿದ ಬಾಕ್ಸಿನ ದಾರಿ ಬೇರೆ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಸಣ್ಣ ಬಾಕ್ಸಿನೊಳಗೆ ಸಿಕ್ಕಿಹಾಕಿಕೊಂಡ ಗಾಳಿಯನ್ನೇ ಸ್ಪ್ರಿಂಗ್ ಆಗಿ ಬಳಸುವ ಸ್ಪೀಕರ್ ಮಾಡಿದರು. ಇಂಥ ಬಾಕ್ಸಿನ ಬೇಸ್ ಒಂದು ಹಂತದ ಕೆಳಗೆ ನಿಧಾನವಾಗಿ, ಆಕ್ಟೇವ್‌ಗೆ (ಹರ್ಟ್ಜ್ ಅರ್ಧಕ್ಕಿಳಿದಾಗಲೆಲ್ಲ) 12 ಡೆಸಿಬೆಲ್ ಲೆಕ್ಕದಲ್ಲಿ ಇಳಿಯುತ್ತೆ. ಪೋರ್ಟ್ ಇರುವ ಬಾಕ್ಸಿನದು ಅದರ ಎರಡರಷ್ಟು ಕಡಿದಾಗಿ ಬೀಳುತ್ತೆ. ಗಟ್ಟಿ ಗೋಡೆಯ ಮುಚ್ಚಿದ ರೂಮು ತೀರಾ ಕೆಳಗಿನ ಸದ್ದನ್ನು ತಾನಾಗಿಯೇ ಎತ್ತಿ ಕೊಡುತ್ತೆ. ಬಾಕ್ಸ್ ಇಳಿಸಿದ್ದನ್ನು ರೂಮು ಎತ್ತುತ್ತೆ. ಕಾಂಕ್ರೀಟ್ ಮನೆಗೂ ಮುಚ್ಚಿದ ಬಾಕ್ಸಿಗೂ ಜೋಡಿ ಚೆನ್ನ.

ಬಾಕ್ಸಿನ ಅಳತೆಯನ್ನು ಸುಮ್ನೆ ಊಹೆ ಮಾಡಬೇಡಿ. ವೂಫರ್ (ದಪ್ಪ ಸದ್ದು ನುಡಿಸುವ ದೊಡ್ಡ ಕೋನ್) ಜೊತೆ ಕೊಡುವ ಡೇಟಾ ಶೀಟ್‌ನಲ್ಲಿ ಮೂರು ಅಂಕಿ ಹುಡುಕಿ: ಎಫ್‌ಎಸ್ (ವೂಫರ್ ತಾನಾಗಿ ಅದುರುವ ಹರ್ಟ್ಜ್), ಕ್ಯೂಟಿಎಸ್ (ಆ ಅದುರು ಎಷ್ಟು ಹಿಡಿತದಲ್ಲಿದೆ ಅನ್ನೋದು), ವಿಎಎಸ್ (ಕೋನ್‌ನ ಹಿಡಿತದಷ್ಟೇ ಸ್ಪ್ರಿಂಗ್ ಕೊಡುವ ಗಾಳಿಯ ಲೀಟರ್). ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಶುರು ಮಾಡಿ, 70ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಪೂರ್ತಿ ಮಾಡಿದ ಲೆಕ್ಕ ಇದು. ಉದಾಹರಣೆಗೆ ಆರೂವರೆ ಇಂಚಿನ ಒಂದು ವೂಫರ್‌ನ ಎಫ್‌ಎಸ್ 40 ಹರ್ಟ್ಜ್, ಕ್ಯೂಟಿಎಸ್ 0.38, ವಿಎಎಸ್ 20 ಲೀಟರ್ ಅಂದುಕೊಳ್ಳಿ. ಉಬ್ಬಿಲ್ಲದೆ ಸಮವಾಗಿ ಇಳಿಯಬೇಕು ಅಂದರೆ ಬಾಕ್ಸ್ ಸೇರಿದ ಮೇಲಿನ ಕ್ಯೂ 0.707 ಆಗಬೇಕು. 0.707 ಅನ್ನು 0.38ರಿಂದ ಭಾಗಿಸಿದರೆ 1.86. ಅದರ ವರ್ಗದಲ್ಲಿ ಒಂದು ಕಳೆದರೆ 2.46. ವಿಎಎಸ್ 20 ಅನ್ನು 2.46ರಿಂದ ಭಾಗಿಸಿ, ಸುಮಾರು 8 ಲೀಟರ್ ಬಂತು. 40 ಅನ್ನು 1.86ರಿಂದ ಗುಣಿಸಿದರೆ 74 ಹರ್ಟ್ಜ್. ಅಲ್ಲಿಂದ ಇಳಿಯೋಕೆ ಶುರು. ಖರ್ಜದ 69 ಪಕ್ಕದಲ್ಲೇ ಇದೆ ನೋಡಿ! ಎಂಟು ಲೀಟರಿನ ಬಾಕ್ಸಿಗೆ ನಿಮ್ಮ ತಂಬೂರಿ ದಕ್ಕುತ್ತೆ. ಇದು ನನಗೆ ಇವತ್ತಿಗೂ ಖುಷಿ ಕೊಡುವ ಲೆಕ್ಕ.

ಬಡಗಿಗೆ ಹೇಳುವಾಗ ಒಳ ಅಳತೆ ಹೇಳಿ. ಒಳಗೆ 17.4 ಸೆಂಟಿಮೀಟರ್ ಅಗಲ, 30 ಎತ್ತರ, 18 ಆಳ ಇದ್ದರೆ 9.4 ಲೀಟರ್. ವೂಫರ್‌ನ ಅಯಸ್ಕಾಂತ, ಕ್ರಾಸ್ಓವರ್ (ಸದ್ದನ್ನು ವೂಫರ್‌ಗೂ, ಮೇಲಿನ ಸದ್ದು ನುಡಿಸುವ ಚಿಕ್ಕ ಟ್ವೀಟರ್‌ಗೂ ಹಂಚುವ ಬೋರ್ಡ್), ನಡುವಿನ ಅಡ್ಡಪಟ್ಟಿ ಸೇರಿ ಒಂದು ಲೀಟರ್ ಚಿಲ್ಲರೆ ತಿನ್ನುತ್ತವೆ. 18 ಮಿಲಿಮೀಟರ್ ಎಂಡಿಎಫ್ ಸಾಕು. ಪ್ಲೈವುಡ್ ಆದರೆ ಪದರದ ನಡುವೆ ಪೊಳ್ಳಿಲ್ಲದ್ದು ನೋಡಿ ತಗೊಳ್ಳಿ. ಹಲಗೆಗಳನ್ನು ಅಂಗಡಿಯ ಮಷಿನ್‌ನಲ್ಲೇ ಕೊಯ್ಸಿ, ಕೈ ಗರಗಸದಲ್ಲಿ ಬೇಡ. ಮೂಲೆ ನೇರ ಕೂತರೆ ಅಂಟು ಹಿಡಿಯುತ್ತೆ, ಇಲ್ಲದಿದ್ದರೆ ಗಾಳಿ ಸೋರುತ್ತೆ. ಮೊಳೆ ಹೊಡೆದು ಮುಗಿಸೋಣ ಅಂತ ಬಡಗಿ ಹೇಳೇ ಹೇಳುತ್ತಾರೆ, ಒಪ್ಪಬೇಡಿ. ಜಾಸ್ತಿ ಅಂಟು, ಕ್ಲ್ಯಾಂಪ್, ಒಂದು ರಾತ್ರಿ ಬಿಡುವು. ಒಳಗಿನ ಮೂಲೆಗಳಿಗೆಲ್ಲ ಇನ್ನೊಂದು ಸಲ ಅಂಟು ಸವರಿಸಿ.

ಸೋರಿಕೆ ನೋಡೋಕೆ ಊದುಬತ್ತಿ ಸಾಕು. ವೂಫರ್ ಕೂರಿಸಿ ಸ್ಕ್ರೂ ಬಿಗಿದ ಮೇಲೆ ಫ್ಯಾನ್ ಆರಿಸಿ, ಕಿಟಕಿ ಹಾಕಿ. ಫೋನಿನ ಟೋನ್ ಆ್ಯಪ್‌ನಿಂದ 40 ಹರ್ಟ್ಜ್ ಸಣ್ಣ ಸದ್ದಿನಲ್ಲಿ ಹಾಕಿ. ಹೊಗೆಯನ್ನು ಒಂದೊಂದೇ ಸಂದಿನ ಗುಂಟ, ವೂಫರ್ ಅಂಚಿನ ಗುಂಟ, ಹಿಂದಿನ ಟರ್ಮಿನಲ್ ಸುತ್ತ ನಿಧಾನಕ್ಕೆ ಒಯ್ಯಿರಿ. ಕೆಂಡ ಕೋನ್‌ಗೆ ತಾಗದಂತೆ ನೋಡಿಕೊಳ್ಳಿ. ನೆಟ್ಟಗೆ ಏರುವ ಹೊಗೆ ಸೋರುವ ಜಾಗ ಬಂದ ತಕ್ಷಣ ಪಟಪಟ ಅದುರುತ್ತೆ. ಹೆಚ್ಚಾಗಿ ಸಿಗೋದು ಟರ್ಮಿನಲ್ ಹತ್ತಿರ. ಒಂದು ಫೋಮ್ ಗ್ಯಾಸ್ಕೆಟ್ ಹಾಕಿದರೆ ಮುಗೀತು.

ಬಾಕ್ಸಿನೊಳಗೆ ತುಂಬೋಕೆ ಪಾಲಿಯೆಸ್ಟರ್ ಹತ್ತಿ ನಡೆಯುತ್ತೆ. ನನಗೆ ಇಷ್ಟ ಕುರಿ ಉಣ್ಣೆ. ಬ್ರಿಟನ್ನಿನ ಆರ್ಥರ್ ಬೈಲಿ 1965ರಲ್ಲಿ ತಮ್ಮ ಟ್ರಾನ್ಸ್‌ಮಿಷನ್ ಲೈನ್ (ಒಳಗೆ ಉದ್ದ ಕೊಳವೆಯಂಥ ದಾರಿ ಇರುವ) ಸ್ಪೀಕರ್‌ಗೆ ಉದ್ದ ಎಳೆಯ ಉಣ್ಣೆಯನ್ನೇ ತುಂಬಿದ್ದರು. ಕಂಬಳಿಗೆ ಹೆಸರಾದ ಚಳ್ಳಕೆರೆ ನಮ್ಮ ಪಕ್ಕದ ಜಿಲ್ಲೆಯಲ್ಲೇ ಇದೆ. ಚೆನ್ನಾಗಿ ತೊಳೆದು ಒಣಗಿಸಿದ ಉಣ್ಣೆ ತಂದು ಹಿಂಜಿ, ಸಡಿಲವಾಗಿ ತುಂಬಿ, ನುಸಿ ಹಿಡಿಯದ ಹಾಗೆ ನೋಡಿಕೊಳ್ಳಿ. ಒತ್ತಿ ಒತ್ತಿ ತುಂಬಬೇಡಿ.

ಇನ್ನು ಕ್ರಾಸ್ಓವರ್. ಇಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಅಂಗಡಿಯಲ್ಲಿ ಸಿಗುವ "ಯಾವ ಸ್ಪೀಕರ್‌ಗೂ ಆಗುತ್ತೆ" ಅನ್ನುವ ರೆಡಿಮೇಡ್ ಬೋರ್ಡ್ ದಯವಿಟ್ಟು ತಗೊಳ್ಳಬೇಡಿ. ಪ್ರತಿ ವೂಫರ್, ಪ್ರತಿ ಟ್ವೀಟರ್‌ನ ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಬೇರೆ, ಏರಿಳಿತ ಬೇರೆ. ಒಂದಕ್ಕೆ ಹೊಲಿದದ್ದು ಇನ್ನೊಂದಕ್ಕೆ ಆಗಲ್ಲ. ಮೊದಲ ಸಲ ಮಾಡುವಾಗ, ಅಳತೆ ಮಾಡಿ ತೋರಿಸಿರುವ ಯಾವುದಾದರೂ ಪ್ರಕಟಿತ ವಿನ್ಯಾಸ ಆರಿಸಿಕೊಂಡು ಅದರಲ್ಲಿ ಹೇಳಿದ ಡ್ರೈವರ್ (ವೂಫರ್, ಟ್ವೀಟರ್), ಹೇಳಿದ ಕೆಪಾಸಿಟರ್, ಹೇಳಿದ ಕಾಯಿಲ್‌ಗಳನ್ನೇ ಹಾಕಿ. ಬಾಕ್ಸಿನ ಮುಖದ ಅಗಲವನ್ನೂ ಬದಲಿಸಬೇಡಿ, ಕ್ರಾಸ್ಓವರ್ ಅದಕ್ಕೂ ಸೇರಿಸಿ ಮಾಡಿದ್ದು. ಮೇಲಿನ ನನ್ನ ಅಳತೆ ಬರೀ ಉದಾಹರಣೆ. ಆರೂವರೆ ಇಂಚಿನ ವೂಫರ್ ಎರಡೂವರೆ ಸಾವಿರ ಹರ್ಟ್ಜ್ ಮೇಲೆ ಸದ್ದನ್ನು ನೇರಕ್ಕೆ ಮಾತ್ರ ಎಸೆಯೋಕೆ ಶುರು ಮಾಡುತ್ತೆ. ಹಾಗಾಗಿ ಎರಡು ಸಾವಿರದ ಸುಮಾರಿಗೆ ಟ್ವೀಟರ್‌ಗೆ ಕೊಡುವ ವಿನ್ಯಾಸ ಒಳ್ಳೇದು. ಟೈಲ್ಸ್ ಮನೆಯಲ್ಲಿ ಇದು ಇನ್ನೂ ಮುಖ್ಯ, ಪಕ್ಕಕ್ಕೆ ಹೋದ ಸದ್ದೂ ಗೋಡೆಗೆ ಬಡಿದು ಕಿವಿಗೆ ಬಂದೇ ಬರುತ್ತೆ. ಕೆನಡಾದಲ್ಲಿ ಫ್ಲಾಯ್ಡ್ ಟೂಲ್ ವರ್ಷಗಟ್ಟಲೆ ಜನರಿಗೆ ಸ್ಪೀಕರ್ ಕಾಣದ ಹಾಗೆ ಕೇಳಿಸಿ ನೋಡಿದರು. ನೇರದ ಸದ್ದು ಸಮವಾಗಿದ್ದು, ಪಕ್ಕದ ಸದ್ದೂ ಏರುಪೇರಿಲ್ಲದೆ ಇಳಿಯುವ ಸ್ಪೀಕರ್‌ಗಳನ್ನೇ ಹೆಚ್ಚು ಜನ ಮೆಚ್ಚಿದ್ದು.

ವಿನ್ಯಾಸ ಆರಿಸುವಾಗ ಇನ್ನೊಂದು ನೋಡಿ: ಅದನ್ನು ಗೋಡೆ ಹತ್ತಿರ ಇಡೋಕೆ ಮಾಡಿದ್ದಾ, ರೂಮಿನ ನಡುವೆ ಇಡೋಕಾ? 21 ಸೆಂಟಿಮೀಟರ್ ಅಗಲದ ಬಾಕ್ಸಿನಿಂದ ಸುಮಾರು 550 ಹರ್ಟ್ಜ್ ಕೆಳಗಿನ ಸದ್ದು ಹಿಂದಕ್ಕೂ ಸುತ್ತಿಕೊಂಡು ಹೋಗುತ್ತೆ. ಆ ನಷ್ಟಕ್ಕೆ ಅಂತ ಕ್ರಾಸ್ಓವರ್‌ನಲ್ಲಿ 6 ಡೆಸಿಬೆಲ್‌ವರೆಗೆ ಪರಿಹಾರ ಸೇರಿಸಿರುತ್ತಾರೆ. ಗೋಡೆ ಹತ್ತಿರ ಇಟ್ಟರೆ ಗೋಡೆಯೇ ಅರ್ಧ ವಾಪಸ್ ಕೊಡುತ್ತೆ, 3 ಸಾಕು. ಇಲ್ಲದಿದ್ದರೆ ಗಾಯಕರ ದನಿ ನೆಗಡಿ ಬಂದ ಹಾಗೆ ದಪ್ಪ ಆಗುತ್ತೆ.

ನಿಮ್ಮ ಹಾಲ್‌ನಲ್ಲಿ ಗೋಡೆ ಹತ್ತಿರವೇ ಇಡಬೇಕಾಗುತ್ತೆ, ಅಲ್ವಾ? ಓಡಾಟಕ್ಕೆ ಜಾಗ ಬೇಕು. 12 ಅಡಿ ಗೋಡೆಯ ಮುಂದೆ, ಎರಡರ ನಡುವೆ 6 ಅಡಿ ಬಿಟ್ಟು, ಟ್ವೀಟರ್ ಕೂತವರ ಕಿವಿಯ ಎತ್ತರಕ್ಕೆ ಬರುವ ಹಾಗೆ ಗಟ್ಟಿ ಸ್ಟ್ಯಾಂಡ್ ಮೇಲೆ ಇಡಿ. ಬಾಕ್ಸಿನ ಬೆನ್ನಿಗೂ ಗೋಡೆಗೂ ನಾಲ್ಕು ಬೆರಳು ಸಾಕು. ಮುಖ ಗೋಡೆಯಿಂದ 2 ಅಡಿ ದೂರ ಬರುವ ಹಾಗೆ ಮಾತ್ರ ಇಡಬೇಡಿ. ಗೋಡೆಯಿಂದ ವಾಪಸ್ ಬಂದ ಅಲೆ 140 ಹರ್ಟ್ಜ್‌ನಲ್ಲಿ ಮೂಲ ಸದ್ದನ್ನೇ ಕೊಯ್ಯುತ್ತೆ. ಕರಿ ಒಂದರ ಷಡ್ಜ ಇರೋದು ಅಲ್ಲೇ. ಹಾಡುವವರ ಆಧಾರ ಸ್ವರವೇ ಸೊರಗಿದರೆ ಏನು ಕೇಳೋದು?

ಸೋಫಾವನ್ನು ಹಿಂದಿನ ಗೋಡೆಗೆ ಅಂಟಿಸಿ ಇಡೋದು ನಮ್ಮೆಲ್ಲರ ಮನೆಯ ಪದ್ಧತಿ. ಬೇಸ್ ಎಲ್ಲ ಅಲ್ಲೇ ಗುಡ್ಡೆ ಬೀಳೋದು. ಹಾಗಂತ 14 ಅಡಿಯ ಸರಿಯಾಗಿ ಮಧ್ಯಕ್ಕೂ ಬೇಡ, ಅಲ್ಲಿ 40 ಹರ್ಟ್ಜ್ ಮಾಯ, 80 ಜೋರು. ಹಿಂದಿನ ಗೋಡೆಯಿಂದ 5 ಅಡಿ ಮುಂದೆ ಒಂದು ಕುರ್ಚಿ ಹಾಕಿ ಶುರು ಮಾಡಿ, ಅರ್ಧ ಅಡಿ ಆಚೆ ಈಚೆ ಸರಿಸುತ್ತಾ ಕೇಳಿ. ತಬಲಾ ಹಾಕಿ, ಡಗ್ಗಾದ (ಎಡಗೈ ತಬಲಾದ) ಮೀಂಡ್, ಅಂದರೆ ಜಾರುವ ಸದ್ದು, ಮೇಲಿಂದ ಕೆಳಗೆ ಎಲ್ಲೂ ಸಿಕ್ಕಿಕೊಳ್ಳದೆ ಜಾರಿದರೆ ಅದೇ ಜಾಗ.

ಮೇಲಿನ ಸದ್ದಿಗೆ ಬೇರೆ ಮದ್ದು ಬೇಕು. ಖಾಲಿ ಹಾಲ್‌ನಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿ, ಝರ್ ಅಂತ ಅನುರಣಿಸುತ್ತೆ. 1895ರಲ್ಲಿ ಹಾರ್ವರ್ಡ್‌ನ ವಾಲೇಸ್ ಸಬೈನ್‌ಗೆ ಮಾತೇ ಅರ್ಥವಾಗದ ಒಂದು ಉಪನ್ಯಾಸ ಕೊಠಡಿ ಸರಿ ಮಾಡೋ ಕೆಲಸ ಬಂತು. ಅವರು ರಾತ್ರಿ ಹೊತ್ತು ಹತ್ತಿರದ ರಂಗಮಂದಿರದ ಮೆತ್ತೆಗಳನ್ನು ತಂದಿಟ್ಟು, ಸದ್ದು ಎಷ್ಟು ಬೇಗ ಸಾಯುತ್ತೆ ಅಂತ ಅಳೆದರು. ಅವರ ಸೂತ್ರದ ಪ್ರಕಾರ ನಿಮ್ಮ ಹಾಲ್ ಖಾಲಿ ಇದ್ದಾಗ ಅನುರಣನ ಸುಮಾರು 3 ಸೆಕೆಂಡ್. ಸಂಗೀತ ಕೇಳೋಕೆ ಅರ್ಧ ಸೆಕೆಂಡಿನ ಹತ್ತಿರ ಇರಬೇಕು. ಸೋಫಾ, ದಪ್ಪ ಪರದೆ, ಪುಸ್ತಕದ ಕಪಾಟು, ನೆಲಕ್ಕೆ ದಪ್ಪ ಹಾಸು ಇವೇ ಒಳ್ಳೆ ಪಾಲು ಕೆಲಸ ಮಾಡುತ್ತವೆ. ಉಳಿದದ್ದಕ್ಕೆ ಗಾದಿ ಅಂಗಡಿಗೆ ಹೋಗಿ. ನಮ್ಮದು ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರು, ಗಾದಿ ಹೊಲಿಯುವವರು ಈಗಲೂ ಇದ್ದಾರೆ. 2 ಅಡಿ ಅಗಲ, 4 ಅಡಿ ಎತ್ತರ, 4 ಇಂಚು ದಪ್ಪದ ಹತ್ತಿ ಗಾದಿ ಹೊಲಿಸಿ ಮರದ ಚೌಕಟ್ಟಿನಲ್ಲಿ ಕೂರಿಸಿ. ಪಕ್ಕದ ಗೋಡೆ ಗುಂಟ ಒಬ್ಬರು ಕನ್ನಡಿ ಹಿಡಿದು ನಡೆಯಲಿ. ಕುರ್ಚಿಯಲ್ಲಿ ಕೂತ ನಿಮಗೆ ಕನ್ನಡಿಯಲ್ಲಿ ಟ್ವೀಟರ್ ಎಲ್ಲಿ ಕಾಣುತ್ತೋ ಅಲ್ಲಿ ಗಾದಿ. ಅದು ಬೇಡ ಅಂದರೆ ಕಂಬಳಿಯನ್ನು ಎರಡು ಮಡಿಕೆ ಮಾಡಿ, ಗೋಡೆಯಿಂದ ನಾಲ್ಕು ಇಂಚು ಮುಂದೆ ನೇತುಹಾಕಿ. ಗೋಡೆಗೆ ಅಂಟಿಸಿದರೆ ಅರ್ಧ ಉಪಯೋಗವೂ ಇಲ್ಲ. ಮೊಟ್ಟೆಯ ಟ್ರೇ ಹೊಡೆಯುವ ಸಲಹೆ ಯಾರಾದರೂ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ.

ವೈರ್‌ಗೆ ದುಡ್ಡು ಸುರಿಯೋದು ಬೇಡ. ಎಲೆಕ್ಟ್ರಿಕಲ್ ಅಂಗಡಿಯ 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಐದು ಮೀಟರ್ ಓಟಕ್ಕೆ ಧಾರಾಳ. ಆಂಪ್ಲಿಫೈಯರ್ 50 ವ್ಯಾಟ್ ಇದ್ದರೆ ಸಾಕು. ಮೊದಲ ದಿನ ಒಬ್ಬರೇ ಮಾತಾಡುವ ಏನಾದರೂ ಹಾಕಿ, ದನಿ ಎರಡರ ಸರಿಯಾಗಿ ನಡುವಿಂದ ಬರಬೇಕು. ಹರಡಿಕೊಂಡು, ಬೇಸ್ ಇಲ್ಲದೆ ಕೇಳಿದರೆ ಒಂದು ಕಡೆ ಪ್ಲಸ್ ಮೈನಸ್ ತಿರುಗಿದೆ ಅಂತ. ಏಪ್ರಿಲ್‌ನಲ್ಲಿ ನಮ್ಮೂರಲ್ಲಿ ಫ್ಯಾನ್ ಆರಿಸಿ ಕೂರೋಕಾಗಲ್ಲ, ಗೊತ್ತು. ಆಲಾಪದ ಸಣ್ಣ ದನಿ ಆ ಗಾಳಿ ಸದ್ದಲ್ಲಿ ಮುಚ್ಚಿಹೋಗುತ್ತೆ. ಬೆಳಗಿನ ಜಾವ ಕೇಳಿ ನೋಡಿ, ಅದೇ ಸ್ಪೀಕರ್ ಬೇರೆ ಅನ್ನಿಸುತ್ತೆ.

ಸಬ್‌ವೂಫರ್ ಈಗಲೇ ತರಬೇಡಿ. ಕುರ್ಚಿ, ಗಾದಿ, ಜಾಗ ಎಲ್ಲ ಹೊಂದಿದ ಮೇಲೂ ಸಿನಿಮಾ ಹಾಡಿಗೆ ಕಮ್ಮಿ ಅನ್ನಿಸಿದರೆ ಆಗ ಯೋಚಿಸಿ.

ಒಂದು ವಿಷಯ ನೀವು ಬರೆದಿಲ್ಲ. ಹಾಲ್‌ಗೂ ಊಟದ ಜಾಗಕ್ಕೂ ನಡುವೆ ಗೋಡೆ ಇದೆಯಾ, ತೆರೆದ ಕಮಾನಾ? ತೆರೆದಿದ್ದರೆ 14 ಅಡಿ ಅನ್ನೋದು ಬೇಸ್ ಪಾಲಿಗೆ 14 ಅಡಿ ಅಲ್ಲ, ಆ 40 ಮತ್ತು 80ರ ಲೆಕ್ಕ ಬದಲಾಗುತ್ತೆ, ರೂಮು ಬೇಸ್ ಎತ್ತಿಕೊಡೋದೂ ಕಡಿಮೆಯಾಗುತ್ತೆ. ಮನೆಯ ಪ್ಲಾನ್ ಜೊತೆಗೆ, ನೋಡಿಟ್ಟುಕೊಂಡ ವೂಫರ್‌ನ ಆ ಮೂರು ಅಂಕಿಗಳನ್ನೂ ಇಲ್ಲಿ ಹಾಕಿ. ಹಲಗೆ ಕೊಯ್ಸುವ ಮೊದಲು ಲೀಟರ್ ಲೆಕ್ಕ ಒಟ್ಟಿಗೆ ನೋಡೋಣ.