ಆನ್ಸಿ ಅನಿಮೇಷನ್ ಚಿತ್ರೋತ್ಸವಕ್ಕೆ ಸಾಲ ಮಾಡಿಯಾದರೂ ಹೋಗಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ಅನಿಮೇಷನ್ ಕೋರ್ಸಿನ ಕೊನೆಯ ವರ್ಷದಲ್ಲಿದ್ದೀರಿ. ಫ್ರಾನ್ಸಿನ ಆನ್ಸಿ ಊರಲ್ಲಿ ಪ್ರತಿ ಜೂನ್ ತಿಂಗಳು ನಡೆಯುವ ಚಿತ್ರೋತ್ಸವಕ್ಕೆ ಹೋಗುವ ಆಸೆ ಇದೆ. ಅಷ್ಟು ದುಡ್ಡು ಸುರಿದರೆ ಏನು ಸಿಗುತ್ತೆ ಅಂತ ಮನೆಯಲ್ಲಿ ಕೇಳ್ತಿದ್ದಾರೆ. ನಾನು 2019ರಲ್ಲಿ ಹೋಗಿದ್ದೆ, ಒಂದೇ ಸಲ. ಸಾಲ ಮಾತ್ರ ಮಾಡಬೇಡಿ. ಕೆಲಸಕ್ಕೆ ಸೇರಿ, ಎರಡು ಮೂರು ವರ್ಷ ಕೂಡಿಟ್ಟು ಹೋಗಿ. ಆದರೆ ಖಂಡಿತ ಹೋಗಿ.

ನಾನು ಆಗ ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ರೋಟೋ ಮಾಡುತ್ತಿದ್ದೆ. ಹೊರದೇಶದ ಸಿನಿಮಾಗಳ ಶಾಟ್ ಬರುತ್ತವೆ, ಅದರಲ್ಲಿರುವ ಮನುಷ್ಯನ ಅಂಚನ್ನು ಫ್ರೇಮ್ ಫ್ರೇಮ್ ಆಗಿ ಬಿಡಿಸಿ ಕೊಡಬೇಕು. ಒಬ್ಬ ನಟನ ಕೂದಲಿನ ಮೇಲೆ ಎರಡು ವಾರ ಕೂತಿದ್ದೇನೆ, ಆ ಸಿನಿಮಾದ ಕಥೆ ಏನು ಅಂತ ರಿಲೀಸ್ ಆಗುವವರೆಗೂ ಗೊತ್ತಿರಲಿಲ್ಲ. ಕೆಲಸದ ಮೇಲೆ ಬೇಜಾರಿರಲಿಲ್ಲ, ಕೈ ಪಳಗಿತ್ತು. ಆದರೆ ಚಿತ್ರ ಬಿಡಿಸಬೇಕು ಅಂತ ಈ ಕಡೆ ಬಂದವನು ನಾನು, ನಾಲ್ಕು ವರ್ಷದಲ್ಲಿ ನನ್ನದು ಅಂತ ಒಂದೇ ಒಂದು ಚಿತ್ರ ಬಿಡಿಸಿರಲಿಲ್ಲ. ಆ ಹೊತ್ತಿಗೆ ಹೋದದ್ದು ಆನ್ಸಿಗೆ.

ಊರು ಚಿಕ್ಕದು. ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಇಳಿದರೆ ಸುಮಾರು 40 ಕಿಲೋಮೀಟರ್, ಬಸ್ ಸಿಗುತ್ತದೆ. ಸುತ್ತ ಬೆಟ್ಟ, ನಡುವೆ ದೊಡ್ಡ ಕೆರೆ, ಹಳೇ ಪೇಟೆಯ ಮನೆಗಳ ಪಕ್ಕದಲ್ಲೇ ಕಾಲುವೆ. ಕೆರೆಯ ದಂಡೆಯಲ್ಲಿ ಪಾಕಿಯೇ ಅನ್ನುವ ದೊಡ್ಡ ಹುಲ್ಲುಹಾಸು ಇದೆ, ಉತ್ಸವದ ದಿನಗಳಲ್ಲಿ ರಾತ್ರಿ ಅಲ್ಲಿ ತೆರೆ ಕಟ್ಟಿ ಎಲ್ಲರಿಗೂ ಪುಕ್ಕಟೆ ಸಿನಿಮಾ ತೋರಿಸುತ್ತಾರೆ. ಜೂನ್ ಅಲ್ವಾ, ಅಲ್ಲಿ ಕತ್ತಲಾಗುವುದೇ ಹತ್ತು ಗಂಟೆ ಹೊತ್ತಿಗೆ. ಮಕ್ಕಳು, ಮುದುಕರು, ನಾಯಿ ಹಿಡಿದುಕೊಂಡು ಬಂದವರು, ಎಲ್ಲರೂ ಹೊದಿಕೆ ಹಾಸಿಕೊಂಡು ಕಾಯುತ್ತಾ ಕೂತಿರುತ್ತಾರೆ. ಊರ ಜಾತ್ರೆಯಲ್ಲಿ ಬಯಲಾಟ ಶುರುವಾಗಲಿ ಅಂತ ಜನ ಕೂತಿರುತ್ತಾರಲ್ಲ, ಹಾಗೆ.

ಮುಖ್ಯ ಥಿಯೇಟರಿನ ಹೆಸರು ಬೋನ್‌ಲ್ಯೂ. ಹತ್ತಿರ ಹತ್ತಿರ ಸಾವಿರ ಸೀಟು. ಮೊದಲ ದಿನ ಒಳಗೆ ಹೋಗಿ ಕೂತಾಗ ಎಲ್ಲ ಕಡೆಯಿಂದ ಕಾಗದದ ವಿಮಾನ ಹಾರುತ್ತಿದ್ದವು. ಅಲ್ಲಿಯ ರೂಢಿ ಅದು. ಸಿನಿಮಾ ಶುರುವಾಗುವ ಮುಂಚೆ ಹಿಂದಿನ ಸಾಲುಗಳಿಂದ ವಿಮಾನ ಬಿಡುತ್ತಾರೆ, ಒಂದು ಸ್ಟೇಜ್ ಮುಟ್ಟಿದರೆ ಇಡೀ ಹಾಲ್ ಚಪ್ಪಾಳೆ ಹೊಡೆಯುತ್ತದೆ. ದೀಪ ಆರಿದ ಕೂಡಲೇ ಜನ ಬಾಯಲ್ಲಿ ನೀರಗುಳ್ಳೆ ಒಡೆದ ಹಾಗೆ ಪುಳಕ್ ಪುಳಕ್ ಅಂತ ಸದ್ದು ಮಾಡುತ್ತಾರೆ. ತೆರೆಯ ಮೇಲೆ ಎಲ್ಲಾದರೂ ಮೊಲ ಕಂಡರೆ ಸಾಕು, ಎಲ್ಲರೂ ಒಟ್ಟಿಗೆ 'ಲಾಪಾಂ!' ಅಂತ ಕೂಗುತ್ತಾರೆ, ಮೊಲ ಅಂತ ಅರ್ಥ. ನನಗೆ ನೆನಪಾಗಿದ್ದು ಗಾಂಧಿನಗರದ ಮೊದಲ ದಿನ ಮೊದಲ ಷೋ. ಹೀರೋ ಬಂದ ತಕ್ಷಣ ಹರಿದ ಕಾಗದ ಹಾರುತ್ತದೆ, ತೆರೆಗೆ ಚಿಲ್ಲರೆ ಬೀಳುತ್ತದೆ, ಶಿಳ್ಳೆಯಲ್ಲಿ ಡೈಲಾಗ್ ಕೇಳಿಸಲ್ಲ. ಅದೇ ಪ್ರೀತಿ. ಆದರೆ ಆನ್ಸಿಯಲ್ಲಿ ಅದು ಬೀಳುತ್ತಿದ್ದದ್ದು ಯಾರೂ ಹೆಸರು ಕೇಳಿರದ ಹುಡುಗ ಹುಡುಗಿಯರು ಬಿಡಿಸಿದ ಏಳೆಂಟು ನಿಮಿಷದ ಚಿತ್ರಗಳ ಮೇಲೆ.

ಅಷ್ಟು ಗಲಾಟೆ ಮಾಡುವ ಜನ ಸುಮ್ಮನಾಗಿದ್ದನ್ನೂ ಅಲ್ಲೇ ನೋಡಿದೆ. ಬ್ರೂನೋ ಕೋಲೆ ಅವರ 'ಮೆಮೊರಾಬ್ಲ್' ಅನ್ನುವ ಕಿರುಚಿತ್ರ, ಆ ವರ್ಷದ ಕಿರುಚಿತ್ರಗಳ ದೊಡ್ಡ ಬಹುಮಾನ ಅದಕ್ಕೇ ಬಂತು. ಗೊಂಬೆಗಳನ್ನು ಒಂದೊಂದೇ ಫ್ರೇಮಿಗೆ ಅಲುಗಿಸಿ ಮಾಡಿದ್ದು. ಒಬ್ಬ ಚಿತ್ರಕಾರನಿಗೆ ಮರೆವಿನ ಕಾಯಿಲೆ. ಅವನ ಸುತ್ತಲಿನ ಸಾಮಾನುಗಳೆಲ್ಲ ಕರಗುತ್ತವೆ, ಎದುರಿಗಿರುವ ಹೆಂಡತಿಯೂ ನಿಧಾನವಾಗಿ ಬರೀ ಬಣ್ಣದ ಗೆರೆಗಳಾಗುತ್ತಾಳೆ. ನಮ್ಮಜ್ಜಿ ಕೊನೆಯ ಎರಡು ವರ್ಷ ನನ್ನನ್ನು ಅವರ ತಮ್ಮ ಅಂದುಕೊಂಡು ಮಾತಾಡಿಸುತ್ತಿದ್ದರು. ಅವರಿಗೆ ನಾನು ಹೇಗೆ ಕಾಣುತ್ತಿದ್ದೆನೋ ಅಂತ ಎಷ್ಟೋ ಸಲ ಯೋಚಿಸಿದ್ದೆ. ಹನ್ನೆರಡು ನಿಮಿಷದ ಗೊಂಬೆ ಸಿನಿಮಾ ಅದನ್ನು ತೋರಿಸಿಬಿಟ್ಟಿತು. ಕ್ಯಾಮೆರಾ ಇಟ್ಟು ನಟರನ್ನು ನಿಲ್ಲಿಸಿದ್ದರೆ ಇದನ್ನು ತೋರಿಸಲು ಆಗುತ್ತಿರಲಿಲ್ಲ. ಮನೆಯಲ್ಲಿ 'ಕಾರ್ಟೂನ್ ನೋಡೋಕೆ ಅಷ್ಟು ದೂರಾನಾ' ಅಂತ ಕೇಳಿದರೆ ಇದನ್ನೇ ಹೇಳಿ.

ಇನ್ನೊಂದು ಸಿನಿಮಾ ಬಗ್ಗೆ ಹೇಳಲೇಬೇಕು. ಆ ವರ್ಷ ಕಾಂತ್ರಶಾಂ ಅಂತ ಹೊಸ ವಿಭಾಗ ಶುರು ಮಾಡಿದ್ದರು, ಮಾಮೂಲಿ ದಾರಿ ಬಿಟ್ಟು ಮಾಡಿದ ಪೂರ್ಣಾವಧಿ ಚಿತ್ರಗಳಿಗೆ. ಅಲ್ಲಿ 'ಅವೇ' ಅನ್ನುವ ಚಿತ್ರ ನೋಡಿದೆ. ಒಬ್ಬ ಹುಡುಗ, ಒಂದು ಬೈಕ್, ಒಂದು ಪುಟ್ಟ ಹಕ್ಕಿ, ಹಿಂದೆ ನಿಧಾನವಾಗಿ ಬರುವ ದೊಡ್ಡ ಕಪ್ಪು ಆಕೃತಿ. ಮಾತೇ ಇಲ್ಲ. ಮಾಡಿದವರು ಲಾಟ್ವಿಯಾ ದೇಶದ ಗಿಂಟ್ಸ್ ಜಿಲ್ಬಲೋಡಿಸ್, ಆಗ ಅವರಿಗೆ 25 ವರ್ಷ. ಕಥೆ, ಮಾಡೆಲಿಂಗ್, ಅನಿಮೇಷನ್, ಎಡಿಟಿಂಗ್, ಸಂಗೀತ ಎಲ್ಲ ಒಬ್ಬರೇ, ಮೂರೂವರೆ ವರ್ಷ ಕೂತು. ಕೆಲವು ಕಡೆ ನಡಿಗೆ ಸ್ವಲ್ಪ ಒರಟು, ರೋಟೋ ಮಾಡಿ ಮಾಡಿ ಪಳಗಿದ ಕಣ್ಣಿಗೆ ಅದು ಗೊತ್ತಾಗುತ್ತಿತ್ತು. ನಮ್ಮ ಸ್ಟುಡಿಯೋದಲ್ಲಿ ಆ ಶಾಟ್ ಕೊಟ್ಟಿದ್ದರೆ ಮೂರು ಸಲ ವಾಪಸ್ ಬರುತ್ತಿತ್ತು. ಆದರೆ ಹುಡುಗ ಸೇತುವೆ ದಾಟುವಾಗ ನಾನು ಉಸಿರು ಹಿಡಿದು ಕೂತಿದ್ದೆ. ಸಿನಿಮಾ ಮುಗಿದ ಮೇಲೆ ಕೆರೆ ದಂಡೆಯಲ್ಲಿ ಒಬ್ಬನೇ ತುಂಬಾ ಹೊತ್ತು ನಡೆದೆ. ನನಗಿಂತ ಚಿಕ್ಕವರು, ಒಂದು ಕಂಪ್ಯೂಟರ್ ಇಟ್ಟುಕೊಂಡು, ಒಂದು ಇಡೀ ಲೋಕ ಕಟ್ಟಿದ್ದಾರೆ. ಆ ವಿಭಾಗದ ಮೊದಲ ಬಹುಮಾನ ಅವರಿಗೇ ಬಂತು.

ಪೂರ್ಣಾವಧಿ ಚಿತ್ರಗಳ ಕ್ರಿಸ್ಟಲ್, ಅಂದರೆ ಅಲ್ಲಿಯ ಅತಿ ದೊಡ್ಡ ಪ್ರಶಸ್ತಿ, ಜೆರೆಮಿ ಕ್ಲಾಪಾಂ ಅವರ 'ಐ ಲಾಸ್ಟ್ ಮೈ ಬಾಡಿ'ಗೆ ಹೋಯಿತು. ತುಂಡಾದ ಒಂದು ಕೈ ತನ್ನ ಮೈಯನ್ನು ಹುಡುಕಿಕೊಂಡು ಪ್ಯಾರಿಸ್ ಸುತ್ತುವ ಕಥೆ. ಒಳ್ಳೆಯ ಸಿನಿಮಾ, ಹುಡುಕಿ ನೋಡಿ.

ಈ ಉತ್ಸವ ಶುರುವಾಗಿದ್ದು 1960ರಲ್ಲಿ. ಅದಕ್ಕೂ ನಾಲ್ಕು ವರ್ಷ ಮುಂಚೆ ಕಾನ್ ಉತ್ಸವದ ಜೊತೆಗೇ ಅನಿಮೇಷನ್ ಚಿತ್ರಗಳನ್ನು ಸೇರಿಸಿ ತೋರಿಸಿದ್ದರು, ಆಮೇಲೆ ಅದಕ್ಕೇ ಬೇರೆ ಜಾಗ ಬೇಕು ಅಂತ ಆನ್ಸಿಗೆ ಬಂದರು. ಅನಿಮೇಷನ್ ಮಾಡುವವರ ಅಂತರರಾಷ್ಟ್ರೀಯ ಸಂಘ ಆಸಿಫಾ ಹುಟ್ಟಿದ್ದೂ ಅದೇ ವರ್ಷ, ಅದೇ ಊರಲ್ಲಿ. ಅದರ ಮೊದಲ ಅಧ್ಯಕ್ಷರು ಕೆನಡಾದಲ್ಲಿ ಅನಿಮೇಷನ್ ಚಿತ್ರ ಮಾಡುತ್ತಿದ್ದ ನಾರ್ಮನ್ ಮೆಕ್‌ಲಾರೆನ್, ಅವರು ಅದಕ್ಕೂ ಮುಂಚೆ ಯುನೆಸ್ಕೋ ಕೆಲಸದ ಮೇಲೆ ಭಾರತಕ್ಕೂ ಬಂದು ಪಾಠ ಹೇಳಿದ್ದರು. ಉತ್ಸವ ಮೊದಲು ಪ್ರತಿ ವರ್ಷ ನಡೆಯುತ್ತಿರಲಿಲ್ಲ, 1990ರ ದಶಕದ ಕೊನೆಯಿಂದ ಪ್ರತಿ ಜೂನ್ ನಡೆಯುತ್ತಿದೆ.

ಖರ್ಚಿನ ವಿಷಯಕ್ಕೆ ಬರುತ್ತೇನೆ. ಉಳಿದುಕೊಳ್ಳುವುದೇ ದೊಡ್ಡ ಖರ್ಚು. ಆ ವಾರ ಊರು ತುಂಬಿರುತ್ತದೆ, ರೂಮು ತಿಂಗಳುಗಟ್ಟಲೆ ಮುಂಚೆ ಹಿಡಿಯಬೇಕು. ನಾವು ನಾಲ್ಕು ಜನ ಒಂದು ರೂಮು ಹಂಚಿಕೊಂಡಿದ್ದೆವು. ಮಧ್ಯಾಹ್ನಕ್ಕೆ ಅಲ್ಲಿಯ ಬ್ರೆಡ್ಡು, ಮನೆಯಿಂದ ತಂದ ಚಟ್ನಿಪುಡಿ. ರಾತ್ರಿಗೆ ಅವಲಕ್ಕಿ. ಪಾಸ್ ಇದ್ದರೂ ಪ್ರತಿ ಷೋಗೂ ಸೀಟು ಮುಂಚೆಯೇ ಬುಕ್ ಮಾಡಬೇಕು, ಸಿಗದಿದ್ದರೆ ಹೊರಗೆ ಬೇರೆ ಸಾಲಿದೆ, ಖಾಲಿ ಉಳಿದ ಸೀಟಿಗೆ ಬಿಡುತ್ತಾರೆ. ಆ ಸಾಲಲ್ಲಿ ನಿಲ್ಲಲು ನಾಚಿಕೆ ಬೇಡ, ನನಗೆ 'ಅವೇ' ಸಿಕ್ಕಿದ್ದೇ ಹಾಗೆ.

ಮಿಫಾ ಅಂತ ಅಲ್ಲೇ ಒಂದು ಮಾರುಕಟ್ಟೆ ನಡೆಯುತ್ತದೆ, ಸ್ಟುಡಿಯೋಗಳು, ದುಡ್ಡು ಹಾಕುವವರು, ಟೀವಿಯವರು ಸೇರುವ ಜಾಗ. ನೀವು ಕೆಲಸ ಹುಡುಕಲು ಹೋಗುತ್ತಿದ್ದರೆ ಅದರ ಮೇಲೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ನಾನು ಒಂದೂವರೆ ದಿನ ಅಲ್ಲಿ ಕಳೆದೆ, ಆ ಹೊತ್ತಲ್ಲಿ ವಿದ್ಯಾರ್ಥಿಗಳ ಚಿತ್ರಗಳ ಇನ್ನೆರಡು ಷೋ ನೋಡಬಹುದಿತ್ತು. ನಿಮ್ಮ ಹಾಗೆ ಕೋರ್ಸ್ ಮುಗಿಸುವವರು ಮಾಡಿದ ಚಿತ್ರಗಳಿಗೆ ಅಲ್ಲಿ ಪ್ರತ್ಯೇಕ ಸ್ಪರ್ಧೆಯೇ ಇದೆ. ಅವನ್ನು ಒಂದೂ ಬಿಡಬೇಡಿ.

2020ರಲ್ಲಿ ಕೊರೊನಾ ಬಂತು, ಉತ್ಸವ ಪೂರ್ತಿ ಆನ್‌ಲೈನ್ ಆಯಿತು. ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ನೋಡಿದೆ. ಚಿತ್ರಗಳು ಚೆನ್ನಾಗಿದ್ದವು, ಆದರೆ ಒಂದರಲ್ಲಿ ಮೊಲ ಬಂದಾಗ ಮನೆಯಲ್ಲಿ ಕೂಗಲು ಜೊತೆಗೆ ಯಾರೂ ಇರಲಿಲ್ಲ. ತುಂಬಾ ಬೇಸರವಾಯಿತು.

ಅದೇ ವರ್ಷ ನಾನು ಬ್ಲೆಂಡರ್ ಕಲಿಯಲು ಶುರು ಮಾಡಿದೆ, ಅದು ಅನಿಮೇಷನ್ ಮಾಡಲು ಪುಕ್ಕಟೆ ಸಿಗುವ ಸಾಫ್ಟ್‌ವೇರ್. ಭಾನುವಾರ ಮಾತ್ರ ಕೂರುತ್ತಿದ್ದೆ. ಅಜ್ಜಿ ಮೇಲೊಂದು ನಾಲ್ಕು ನಿಮಿಷದ ಚಿತ್ರ ಮಾಡುತ್ತಿದ್ದೇನೆ, ಇನ್ನೂ ಮುಗಿದಿಲ್ಲ. 2025ರ ಮಾರ್ಚ್‌ನಲ್ಲಿ ಆಫೀಸಿಗೆ ಹೊರಡುವ ಮುಂಚೆ ಫೋನ್ ನೋಡಿದರೆ ಆಸ್ಕರ್ ಸುದ್ದಿ: ಅದೇ ಜಿಲ್ಬಲೋಡಿಸ್, ಅವರ 'ಫ್ಲೋ' ಗೆದ್ದಿತ್ತು. ಒಂದು ಬೆಕ್ಕು ಪ್ರವಾಹದಲ್ಲಿ ದೋಣಿ ಹತ್ತಿ ಹೋಗುವ ಕಥೆ, ಇದರಲ್ಲೂ ಮಾತಿಲ್ಲ. ಮಾಡಿದ್ದು ಬ್ಲೆಂಡರ್‌ನಲ್ಲೇ. ಹಿಂದಿನ ವರ್ಷ ಆನ್ಸಿಯಲ್ಲಿ ಅದಕ್ಕೆ ಜೂರಿ ಪ್ರಶಸ್ತಿ, ಪ್ರೇಕ್ಷಕರ ಪ್ರಶಸ್ತಿ ಸೇರಿ ನಾಲ್ಕು ಬಹುಮಾನ ಬಂದಿತ್ತು. ಅಡುಗೆಮನೆಗೆ ಹೋಗಿ ಅಮ್ಮನಿಗೆ ಹೇಳಿದೆ, ಇವರ ಮೊದಲ ಸಿನಿಮಾನ ನಾನು ಆ ಸಾಲಲ್ಲಿ ನಿಂತು ನೋಡಿದ್ದೆ ಅಂತ. ಅಮ್ಮನಿಗೆ ಹೆಸರು ಹೇಳಲು ಬರಲಿಲ್ಲ, ಆದರೆ ತುಂಬಾ ಖುಷಿಪಟ್ಟರು.

ಹೋಗುವುದಾದರೆ ನಿಮ್ಮ ಕೊನೆಯ ವರ್ಷದ ಚಿತ್ರವನ್ನು ಮೊದಲು ಮುಗಿಸಿ, ಆ ವಿದ್ಯಾರ್ಥಿಗಳ ಸ್ಪರ್ಧೆಗೆ ಕಳಿಸಿ ನೋಡಿ. ವೀಸಾಕ್ಕೆ ಸಮಯ ಇಟ್ಟುಕೊಳ್ಳಿ, ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ, ಇದ್ದರೆ ಜಿನೀವಾದಲ್ಲಿ ಇಳಿಯಲೂ ಅದೇ ಸಾಕು. ಬೋನ್‌ಲ್ಯೂನಲ್ಲಿ ಒಂದು ಷೋ ಆದರೂ ಹಿಂದಿನ ಸಾಲಲ್ಲಿ ಕೂರಿ. ಸ್ವಲ್ಪ ದಪ್ಪ ಕಾಗದ ತೆಗೆದುಕೊಂಡು ಹೋಗಿ, ನನ್ನದು ತೆಳು ಇತ್ತು, ಮೂರು ಸಾಲು ದಾಟಲಿಲ್ಲ. ಮುಂದೆ ಕೂತಿದ್ದ ಒಬ್ಬ ಅಜ್ಜ ಅದನ್ನು ಎತ್ತಿ ಮೂಗು ಮಡಚಿ ಸರಿ ಮಾಡಿ ಮತ್ತೆ ಬಿಟ್ಟರು, ಅದು ಸ್ಟೇಜ್‌ವರೆಗೂ ಹೋಯಿತು.