ಹವಳ ಸಾಕುವ ಹೊಸ ಉಪ್ಪುನೀರಿನ ರೀಫ್ ಟ್ಯಾಂಕ್‌ಗೆ ನಾಜೂಕು ಹವಳಗಳನ್ನು ಯಾವಾಗ ಹಾಕಬಹುದು?

ಅಮೋನಿಯಾ, ನೈಟ್ರೈಟ್ ಸೊನ್ನೆಗೆ ಬಂತು ಅಂತ ಮರುದಿನವೇ ಅಕ್ರೊಪೋರಾದಂಥ ನಾಜೂಕು ಹವಳ ತರಬೇಡಿ. ಸೈಕಲ್ (ಈ ವಿಷಗಳನ್ನು ಅರಗಿಸುವ ಬ್ಯಾಕ್ಟೀರಿಯಾ ಬೆಳೆಯುವ ಹಂತ) 4–6 ವಾರದಲ್ಲಿ ಮುಗಿಯಬಹುದು, ಆದರೆ ಟ್ಯಾಂಕ್ ಹದಕ್ಕೆ ಬರಲು ಕಡಿಮೆ ಅಂದ್ರೂ 6 ತಿಂಗಳು ಬೇಕು, ನಾನಾದರೆ ಇನ್ನೂ ಜಾಸ್ತಿಯೇ ಕಾಯುತ್ತೇನೆ. ಅಲ್ಲಿಯವರೆಗೆ ಮಶ್ರೂಮ್, ಜೊವಾಂಥಿಡ್‌ನಂಥ ಸುಲಭವಾಗಿ ಸಾಯದ ಮೃದು ಹವಳಗಳು ಸಾಕು.

ತಿಂಗಳ ಲೆಕ್ಕಕ್ಕಿಂತ ಮುಖ್ಯ ಆಲ್ಕಲಿನಿಟಿ, ಅಂದರೆ ನೀರಿನ ಕ್ಷಾರೀಯತೆ; ಅದನ್ನು ಅಳೆಯುವ ಮಾನ ಡಿಕೆಎಚ್. 8 ಇರಲಿ, 9 ಡಿಕೆಎಚ್ ಇರಲಿ, ವಾರಗಟ್ಟಲೆ ಅಲ್ಲೇ ನಿಲ್ಲಬೇಕು; ಇವತ್ತು 7, ನಾಳೆ 9 ಅಂತ ಏರಿಳಿದರೆ ಅಕ್ರೊಪೋರಾದ ಚರ್ಮ ಬುಡದಿಂದಲೇ ಸುಲಿದು ಬರೀ ಬಿಳಿ ಅಸ್ಥಿ ಉಳಿಯುತ್ತದೆ, ನೋಡಿದರೆ ಕರುಳು ಚುರುಕ್ ಅನ್ನುತ್ತದೆ. ನೈಟ್ರೇಟ್, ಫಾಸ್ಫೇಟ್ ಪೂರ್ತಿ ಸೊನ್ನೆಯೂ ಆಗಬಾರದು.

ಹೊಸ ಟ್ಯಾಂಕ್‌ನಲ್ಲಿ ಕಟ್ಟುವ ಕಂದು ಡಯಾಟಮ್ ಪಾಚಿ ಹೋಗಿ, ಕಲ್ಲಿನ ಮೇಲೆ ನೇರಳೆ ಕೋರಲೈನ್ ಪಾಚಿ ಚುಕ್ಕೆ ಚುಕ್ಕೆಯಾಗಿ ಹರಡತೊಡಗಿದಾಗ ಅಕ್ರೊಪೋರಾದ ಒಂದೇ ಒಂದು ಚಿಕ್ಕ ತುಂಡು ಹಾಕಿ, ಒಂದು ತಿಂಗಳು ಗಮನಿಸಿ.